ಮರುಳಸಿದ್ದಯ್ಯನವರ ಸರಿಯಾದ ಫೋಟೋ

ನವೆಂಬರ್ 2, ಭಾನುವಾರ

ಹೊನ್ನವಳ್ಳಿಯ ಶಂಭುಲಿಂಗಯ್ಯ ಬದುಕಿದ್ದಾರೆ. ಈ ವಿಷಯ ತಿಳಿಸಿದವರು ಸ್ವತಃ ಶಂಭುಲಿಂಗಯ್ಯನವರೇ. ಬೆಳಿಗ್ಗೆ ಟೈಲರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದು, ಇವತ್ತಿನ ಪತ್ರಿಕೆಯ ನಾಲ್ಕನೇ ಪುಟವನ್ನು ನನ್ನ ಮುಂದೆ ಹಿಡಿದರು.

ಸುದ್ದಿಯಲ್ಲಿ ತಪ್ಪಿಲ್ಲ. ತಿಪಟೂರು ತಾಲ್ಲೂಕು ಬಿಳಿಗೆರೆಯ ತೆಂಗು ಬೆಳೆಗಾರ ಮರುಳಸಿದ್ದಯ್ಯ ಶನಿವಾರ ನಿಧನರಾದರು. ಹೆಸರು, ವಯಸ್ಸು, ಮಕ್ಕಳ ವಿವರ, ತೋಟದಲ್ಲಿ ನಡೆದ ಅಂತ್ಯಕ್ರಿಯೆ, ಎಲ್ಲ ನಾನು ಬರೆದು ಕಳಿಸಿದಂತೆಯೇ ಅಚ್ಚಾಗಿದೆ. ಅದರ ಮೇಲಿರುವ ಮುಖ ಮಾತ್ರ ಶಂಭುಲಿಂಗಯ್ಯನವರದು. ಅದನ್ನು ಕಳಿಸಿದವನೂ ನಾನೇ.

“ಸತ್ತೋನು ಬಂದಿದೀನಿ ಕಣಪ್ಪ ದಯಾನಂದ. ಒಂದ್ ಲೋಟ ಕಾಫಿ ಸಿಕ್ತದಾ?” ಎಂದರು.

ಕೂರಿಸಿ ಕ್ಷಮೆ ಕೇಳಿದೆ. ಅವರಿಗೆ ಕ್ಷಮೆಯ ಕಡೆ ಗಮನವಿರಲಿಲ್ಲ. “ಡೈರಿಗೆ ಹಾಲ್ ಹಾಕಾಕೆ ಹೋದ್ರೆ ಸೆಕ್ರೆಟರಿ ನನ್ ಮುಖ ನೋಡ್ದ, ಪೇಪರ್ ನೋಡ್ದ, ತಿರ್ಗಾ ನನ್ ಮುಖ ನೋಡ್ದ. ಹಾಲು ಯಾರ ಹೆಸ್ರಿಗೆ ಬರ್ಕೊಳ್ಲಿ ಅಂತ ಕೇಳ್ತಾನೆ” ಎಂದರು. ಆಮೇಲೆ ಸ್ವಲ್ಪ ಹೊತ್ತು ಕಾಫಿ ಆರಿಸಿಕೊಂಡು, “ಆ ಮರುಳಸಿದ್ದನೂ ನಾನೂ ಕಾಯಿ ಸುಲಿಯೋ ಪಂದ್ಯಕ್ಕೆ ನಿಂತಿದ್ವಿ. ಅವ್ನು ಫಸ್ಟು, ನಾನು ಸೆಕೆಂಡು. ಈಗ ಅವನ ಸಾವ್ನಾಗೆ ನನ್ನ ಮುಂದಕ್ಕೆ ತಳ್ಬುಟ್ಯಲ್ಲ” ಎಂದರು.

ತಪ್ಪು ನಡೆದ ಬಗೆ: ನಿನ್ನೆ ರಾಜ್ಯೋತ್ಸವದ ವರದಿಗಳ ಗಡಿಬಿಡಿಯಲ್ಲಿದ್ದೆ. ಮೃತರ ಮಗಳು ಪುಷ್ಪಲತಾ ಫೋನ್ ಮಾಡಿ ಯಾವ ಫೋಟೋ ಕಳಿಸಲಿ ಎಂದರು. ಏನೂ ಬೇಡ, ಪಂದ್ಯದ ದಿನ ನಾನೇ ತೆಗೆದದ್ದಿದೆ ಎಂದೆ. ಪಂದ್ಯ ನಡೆದದ್ದು ಹೊನ್ನವಳ್ಳಿಯಲ್ಲಿ. ಹೊನ್ನವಳ್ಳಿ ಎಂಬ ಫೋಲ್ಡರ್ ತೆರೆದೆ. ತಲೆಗೆ ಟವೆಲ್ ಸುತ್ತಿ ಕಾಯಿ ಹಿಡಿದವರ ಫೋಟೋ ಒಂದೇ ಒಂದಿತ್ತು. ಅದನ್ನೇ ಕಳಿಸಿದೆ. ಮಾನಿಟರ್ ಹಳೆಯದು, ಮುಖಗಳು ಸ್ಪಷ್ಟವಾಗಿ ಬರುವುದಿಲ್ಲ.

ತುಮಕೂರು ಕಚೇರಿಯಿಂದ ಬ್ಯೂರೋ ಮುಖ್ಯಸ್ಥ ರಂಗರಾಜು ಫೋನ್ ಮಾಡಿದರು. “ಹದಿನೆಂಟು ವರ್ಷದಲ್ಲಿ ನಿಮ್ಮಿಂದ ಒಂದು ತಿದ್ದುಪಡಿ ಹಾಕಿದ ನೆನಪಿಲ್ಲ ನಂಗೆ. ಸರಿಯಾದ ಫೋಟೋ ಕಳ್ಸಿ. ಇನ್ನೊಂದು ಸಲ ಹಿಂಗಾದ್ರೆ ನಿಮ್ಮನ್ನ ಉಳಿಸಿಕೊಳ್ಳೋಕೆ ನನ್ನ ಕೈಲಾಗಲ್ಲ” ಎಂದರು. ಶಂಭುಲಿಂಗಯ್ಯ ಅದನ್ನು ಕೇಳಿಸಿಕೊಂಡರು.

“ಇವತ್ತೇ ತಿದ್ದಕ್ಕೋಗ್ಬ್ಯಾಡ. ಎಲ್ಡ್ ದಿನ ಬುಡು. ಯಾರ್ ಯಾರು ಬತ್ತಾರೋ ನೋಡಾನ” ಎಂದು ಹೇಳಿ ಇಳಿದು ಹೋದರು. ಬಿಳಿ ಅಂಗಿ, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್ ಇತ್ತು.

ನವೆಂಬರ್ 3, ಸೋಮವಾರ

ಪುಷ್ಪಲತಾ ಅವರೊಂದಿಗೆ ಮಾತನಾಡಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ, ಅವರು ಬೈಯಲಿಲ್ಲ. ಹಿಂದೆ ನೆಂಟರ ಗದ್ದಲ ಕೇಳುತ್ತಿತ್ತು.

“ನಮ್ಮತ್ರ ಇರೋದು ಎರಡೇ ಫೋಟೋ ಸಾರ್. ಒಂದು ಆಧಾರ್ ಕಾರ್ಡಿಂದು, ಒಂದು ಆಸ್ಪತ್ರೆ ಮಂಚದ ಮೇಲಿಂದು. ಎರಡರಲ್ಲೂ ನಮ್ಮಪ್ಪ ಇಲ್ಲ. ಗೆದ್ದ ದಿನ ಕಾಯಿ ಎತ್ತಿ ಹಿಡ್ಕೊಂಡು ನಗ್ತಿದ್ದಾರಲ್ಲ, ನೀವು ತೆಗ್ದಿದ್ದು, ಅದು ನಮ್ಮಪ್ಪ. ಪೇಪರಿಂದ ಕತ್ತರಿಸಿ ಇಟ್ಟಿದ್ವಿ, ಗೆದ್ದಲು ತಿಂದುಬಿಡ್ತು.”

ಹನ್ನೊಂದನೇ ದಿನ, ಅಂದರೆ ಮುಂದಿನ ವಾರ ಮಂಗಳವಾರ, ಮನೆಯಲ್ಲಿ ಶಿವಗಣಾರಾಧನೆ ಇದೆ. ಆ ದಿನದ ಪತ್ರಿಕೆಯಲ್ಲಿ ಸರಿಯಾದ ಫೋಟೋ ಬರಬೇಕು ಎಂಬುದು ಅವರ ಕೋರಿಕೆ. “ಇಲ್ದಿದ್ರೆ ಬಂದೋರ ಕಣ್ಣಲ್ಲೆಲ್ಲ ಆ ಹೊನ್ನವಳ್ಳಿಯವರ ಮುಖವೇ ಉಳ್ಕೊಳ್ಳುತ್ತೆ ಸಾರ್.”

ಪಂದ್ಯ ಯಾವಾಗ ನಡೆಯಿತು ಎಂದು ಕೇಳಿದೆ. ತಮ್ಮ ಮಗಳು ನಿಸರ್ಗ ಹುಟ್ಟಿದ ವರ್ಷ, 2012. ಸಂಕ್ರಾಂತಿ ಮುಗಿದಿತ್ತು, ಶಿವರಾತ್ರಿ ಬಂದಿರಲಿಲ್ಲ ಎಂದರು.

ಫೋಟೋ ಇದೆ. ಎಲ್ಲಿದೆ ಎಂಬುದು ಗೊತ್ತಿಲ್ಲ. ಹದಿನೆಂಟು ವರ್ಷದ ಫೋಟೋಗಳು ಒಂದೇ ಡಿಸ್ಕಿನಲ್ಲಿವೆ. ಕಂಪ್ಯೂಟರ್ ಬದಲಾದಾಗಲೆಲ್ಲ ಹಳೆಯದನ್ನು ಹಾಗೇ ಎತ್ತಿ ಹೊಸದರೊಳಗೆ ಇಟ್ಟಿದ್ದೇನೆ. ಹಾಗಾಗಿ ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು. ಹೊಸದು, ಹೊಸದು ಎರಡು, ಹಳೇದು, ಇತರೆ ಎಂದೆಲ್ಲ ಹೆಸರು. ಫೋಟೋಗಳಿಗೆ ಕ್ಯಾಮೆರಾ ಕೊಟ್ಟ ನಂಬರ್ ಬಿಟ್ಟರೆ ಬೇರೆ ಹೆಸರಿಲ್ಲ.

ಮಧ್ಯಾಹ್ನದಿಂದ ಒಂದೊಂದಾಗಿ ತೆರೆದು ನೋಡಿದೆ. ಕಣ್ಣು ಉರಿಯಿತು. ಟ್ಯೂಬ್‌ಲೈಟ್ ಬದಲಿಸಬೇಕು.

ನವೆಂಬರ್ 4, ಮಂಗಳವಾರ

ಕೈಯಿಂದ ಹುಡುಕುವುದನ್ನು ಬಿಟ್ಟೆ. ಪ್ರೋಗ್ರಾಂ ಬರೆಯಲು ಶುರು ಮಾಡಿದೆ, ಸಿ ಭಾಷೆಯಲ್ಲಿ. ಪತ್ರಿಕೆ ಸೇರುವ ಮೊದಲು ಸಂಜೆ ತರಗತಿಗೆ ಹೋಗಿ ಕಲಿತದ್ದು ಅದೊಂದೇ. ಈ ಕಂಪ್ಯೂಟರ್ ತುಮಕೂರು ಕಚೇರಿಯವರು ಬೇಡವೆಂದು ಕೊಟ್ಟದ್ದು. ಲಿನಕ್ಸ್ ಇದೆ, ಸಿ ಕಂಪೈಲರ್ ಇದೆ. ಅಷ್ಟು ಸಾಕು.

ಮಾಡಬೇಕಾದ ಕೆಲಸವನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡೆ. ಒಂದು ಫೋಲ್ಡರ್ ತೆರೆ. ಅದರಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಓದು. ಹೆಸರು ಫೈಲಿನದಾದರೆ ತಾರೀಖು ನೋಡು. ಫೋಲ್ಡರಿನದಾದರೆ ಅದರೊಳಗೆ ಇಳಿದು ಇದೇ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡು. ಹೆಸರುಗಳು ಮುಗಿದ ಮೇಲೆ ಫೋಲ್ಡರ್ ಮುಚ್ಚಿ, ಮೇಲೆ ಎಲ್ಲಿ ನಿಲ್ಲಿಸಿದ್ದೆಯೋ ಅಲ್ಲಿಂದ ಮುಂದುವರಿ. ಎಷ್ಟು ಆಳವಿದ್ದರೂ ಇಷ್ಟೇ ನಿಯಮ. ತೆರೆಯುವುದಕ್ಕೆ ಓಪನ್‌ಡಿರ್, ಓದುವುದಕ್ಕೆ ರೀಡ್‌ಡಿರ್, ಮುಚ್ಚುವುದಕ್ಕೆ ಕ್ಲೋಸ್‌ಡಿರ್. ಮೂರೂ ನೆನಪಿದ್ದವು. ಸಂತೋಷವಾಯಿತು.

ಪರದೆಯ ಮೇಲಿನ ಅಕ್ಷರಗಳನ್ನು ತೀರ ದೊಡ್ಡದು ಮಾಡಿಕೊಂಡಿದ್ದೇನೆ. ಒಂದು ಸಾಲಿಗೆ ನಾಲ್ಕೈದು ಪದ ಹಿಡಿಯುತ್ತದೆ. ಅಭ್ಯಾಸವಾಗಿದೆ.

ಕೆಳಗೆ ಟೈಲರ್ ರಹೀಮ್ ಅವರ ಹೊಲಿಗೆ ಯಂತ್ರ ಎಂಟಕ್ಕೆ ನಿಂತಿತು. ಅದಾದ ಮೇಲೆ ಈ ಕೋಣೆಯಲ್ಲಿ ಫ್ಯಾನಿನ ಶಬ್ದ ಬಿಟ್ಟರೆ ಬೇರೆ ಇರುವುದಿಲ್ಲ.

ನವೆಂಬರ್ 5, ಬುಧವಾರ

ಪ್ರೋಗ್ರಾಂ ಓಡಿತು. ಒಂದೇ ಜಾಗದಲ್ಲಿ ಓಡಿತು.

ಒಂದೇ ಫೋಲ್ಡರಿನ ಹೆಸರನ್ನು ಉದ್ದಕ್ಕೆ ಮುದ್ರಿಸುತ್ತಾ ಹೋಗಿ, ಇನ್ನು ತೆರೆಯಲಾಗದು ಎಂದು ನಿಂತಿತು. ಕಾರಣ ಹೊಳೆಯಲಿಲ್ಲ. ಅಬ್ದುಲ್ ರಹೀಮ್ ಅವರ ಮಗಳು ಆಸ್ಫಿಯಾ ಚಿಕ್ಕನಾಯಕನಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಷಯದ ಅತಿಥಿ ಉಪನ್ಯಾಸಕಿ. ಸಂಜೆ ಬಸ್ಸಿಳಿದು ಬಂದವರನ್ನು ಮೆಟ್ಟಿಲ ಬಳಿ ಕೇಳಿದೆ. ಚೀಲವನ್ನೂ ಇಳಿಸದೆ ಮೇಲೆ ಬಂದರು.

“ಅಂಕಲ್, ಚುಕ್ಕೆ ಬಿಟ್ಟಿಲ್ಲ ನೀವು.”

ಪ್ರತಿ ಫೋಲ್ಡರಿನಲ್ಲೂ ನಾವು ಇಡದ ಎರಡು ಹೆಸರುಗಳು ಇದ್ದೇ ಇರುತ್ತವೆ. ಒಂದು ಚುಕ್ಕೆ ಎಂದರೆ ಆ ಫೋಲ್ಡರೇ. ಎರಡು ಚುಕ್ಕೆ ಎಂದರೆ ಅದರ ಮೇಲಿನದು. ಅವನ್ನು ದಾಟಿ ಹೋಗು ಎಂದು ಹೇಳದಿದ್ದರೆ ಪ್ರೋಗ್ರಾಂ ತನ್ನೊಳಗೆ ತಾನೇ ಇಳಿಯುತ್ತಲೇ ಇರುತ್ತದೆ. ಹಿಂದೆ ತರಗತಿಯಲ್ಲೂ ಇದೇ ತಪ್ಪು ಮಾಡಿದ ನೆನಪು.

“ನಮ್ಮ ಹುಡುಗರೂ ಇದನ್ನೇ ಮಾಡ್ತಾರೆ. ನೀವೇ ವಾಸಿ, ಕಂಪ್ಯೂಟರ್ ಕೆಟ್ಟಿದೆ ಅನ್ನಲಿಲ್ಲ” ಎಂದರು ಆಸ್ಫಿಯಾ. ಅವರು ಹೋಗುವಾಗ ಕೆಳಗಿನಿಂದ ರಹೀಮ್ ಕೂಗಿದರು, “ದಯಾನಂದ್ ಭಾಯ್, ಮೊದಲು ಅಂಗಿ ಗುಂಡಿ ಸರಿ ಹಾಕ್ಕೊಳ್ಳಿ. ಬೆಳಗ್ಗೆಯಿಂದ ಒಂದು ಕಾಜಾ ತಪ್ಪಿದೆ. ನೋಡೋರು ನಾನು ಹೊಲಿದಿದ್ದೇ ಹಂಗೆ ಅಂತಾರೆ.”

ಗಡಿಬಿಡಿಯಲ್ಲಿ ಹಾಕಿಕೊಂಡಿರಬೇಕು.

ನವೆಂಬರ್ 6, ಗುರುವಾರ

ಶಂಭುಲಿಂಗಯ್ಯ ಮತ್ತೆ ಬಂದಿದ್ದರು. ಮೆಟ್ಟಿಲ ಮೇಲಿನ ಕೆಮ್ಮಿನಿಂದಲೇ ಗುರುತಾಯಿತು. ತಮ್ಮ ಸಾವಿನ ವರದಿ ಒಪ್ಪಿಸಿದರು.

ತುರುವೇಕೆರೆಯಲ್ಲಿರುವ ಅವರ ತಮ್ಮ ಬೋರ್‌ವೆಲ್ ಜಗಳದ ನಂತರ ಮಾತು ಬಿಟ್ಟಿದ್ದವರು, ಪತ್ರಿಕೆ ನೋಡಿ ಹಾರ ತಗೊಂಡು ಮೊದಲ ಬಸ್ಸಿಗೆ ಬಂದರಂತೆ. “ಬಾಗ್ಲಾಗೆ ನಾನೇ ನಿಂತಿದೀನಿ. ಹಾರ ಎಲ್ಲಿಡ್ಬೇಕೋ ಗೊತ್ತಾಗ್ದೆ ಅಂಗೇ ನಿಂತ್ಕಂಡ. ಕೊನೀಗೆ ನನ್ ಕತ್ತಿಗೇ ಹಾಕ್ಬುಟ್ಟ, ಸನ್ಮಾನ ಮಾಡ್ದಂಗೆ. ಇಬ್ರೂ ರೊಟ್ಟಿ ತಿಂದ್ವಿ.”

“ಬೇರೆ ಯಾರು ಬಂದರು?” ಎಂದೆ.

“ಅಳಿಯ ಫೋನ್ ಮಾಡ್ದ. ಮಾವ ಬದ್ಕವ್ರಾ ಅಂತ ನನ್ನೇ ಕೇಳ್ದ.” ಟವೆಲಿನಿಂದ ಮುಖ ಒರೆಸಿಕೊಂಡರು. “ಬರ್ತಾರೆ ಅಂದ್ಕಂಡಿದ್ದೋರು ಬರ್ಲಿಲ್ಲ ಕಣಪ್ಪ. ಓಗ್ಲಿ ಬುಡು. ಪೇಪರ್ ಓದಿರಾಕಿಲ್ಲ.”

ಪತ್ರಿಕೆ ಹೊನ್ನವಳ್ಳಿಯಲ್ಲಿ ಮನೆಮನೆಗೆ ಹೋಗುತ್ತದೆ. ಅದನ್ನು ಹೇಳಲಿಲ್ಲ.

ಅವರು ಹೋದ ಮೇಲೆ, ನನ್ನ ಫೋಟೋ ಹಾಗೆ ಅಚ್ಚಾದರೆ ಯಾರು ಬರಬಹುದು ಎಂದು ಯೋಚಿಸಿದೆ. ರಹೀಮ್ ಬರುತ್ತಾರೆ, ಕೆಳಗೇ ಇದ್ದಾರೆ. ರಂಗರಾಜು ಫೋನ್ ಮಾಡಬಹುದು. ಇತರರ ವಿವರ ತಿಳಿದುಬಂದಿಲ್ಲ. ಮೊದಲು ಕೆಲಸ ಮದುವೆಗೆ ಬಿಡುವು ಕೊಡಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ. ಕೆಲಸವೊಂದು ಇದೆ. ಫೋಟೋ ಸಿಕ್ಕರೆ ಅದು ಉಳಿಯುತ್ತದೆ.

ನವೆಂಬರ್ 7, ಶುಕ್ರವಾರ

ಚುಕ್ಕೆಗಳನ್ನು ದಾಟಿಸಿದ ಮೇಲೆ ಪ್ರೋಗ್ರಾಂ ಚೆನ್ನಾಗಿ ನಡೆಯಿತು. ಫೋಟೋಗಳ ಲೆಕ್ಕ ಏರುತ್ತಾ ಹೋಯಿತು. ಊಟ ಮಾಡಿ ಬಂದರೂ ಏರುತ್ತಿತ್ತು, ಸಂತೆಗೆ ಹೋಗಿ ಬಂದರೂ ಏರುತ್ತಿತ್ತು. ಇಷ್ಟೊಂದು ಕೆಲಸ ಮಾಡಿದ್ದೇನೆಯೇ ಎಂದು ಹೆಮ್ಮೆಪಟ್ಟೆ.

ಆಸ್ಫಿಯಾ ಸಂಜೆ ಬಂದು ಲೆಕ್ಕ ಓದಿ ನಕ್ಕರು. “ಇಷ್ಟು ಫೋಟೋ ತೆಗೀಬೇಕಾದ್ರೆ ನೀವು ಹುಟ್ಟಿದ ದಿನದಿಂದ ಕ್ಯಾಮೆರಾ ಕೆಳಗಿಡಬಾರದು ಅಂಕಲ್.”

ಸುತ್ತು ಎಲ್ಲಿದೆ ಎಂದು ಅವರೇ ಕಂಡುಹಿಡಿದರು. ಯಾವಾಗಲೋ ಅನುಕೂಲಕ್ಕೆಂದು ಹಳೇದು ಎಂಬ ಫೋಲ್ಡರಿನೊಳಗೆ ಒಂದು ಕೊಂಡಿ ಹಾಕಿದ್ದೆ. ಅದು ಮತ್ತೆ ಎಲ್ಲಕ್ಕಿಂತ ಮೇಲಿನ ಫೋಲ್ಡರಿಗೆ ಕರೆದೊಯ್ಯುತ್ತದೆ. ಪ್ರೋಗ್ರಾಂ ಅದನ್ನು ನಿಜವಾದ ಫೋಲ್ಡರ್ ಎಂದು ನಂಬಿ ಒಳಗೆ ಹೋಗಿ, ಮೊದಲಿನಿಂದ ಎಲ್ಲವನ್ನೂ ಮತ್ತೆ ಎಣಿಸಿ, ಮತ್ತೆ ಅದೇ ಕೊಂಡಿಯ ಬಳಿ ಬರುತ್ತಿತ್ತು. ಫೈಲೋ ಫೋಲ್ಡರೋ ಎಂದು ತಿಳಿಯಲು ಸ್ಟ್ಯಾಟ್ ಎಂದು ಬರೆದ ಕಡೆ ಎಲ್‌ಸ್ಟ್ಯಾಟ್ ಎಂದು ತಿದ್ದಿದೆವು. ಈಗ ಅದು ಕೊಂಡಿಯನ್ನು ಕೊಂಡಿ ಎಂದು ಗುರುತಿಸಿ ಬಿಟ್ಟು ಹೋಗುತ್ತದೆ.

“ಇದೆಲ್ಲಕ್ಕೂ ಒಂದೇ ಸಾಲಿನ ಕಮಾಂಡ್ ಇದೆ ಅಂಕಲ್. ಹಾಕ್ಕೊಡ್ಲಾ? ಈಗಲೇ ಮುಗಿಯತ್ತೆ.”

ಮಂಗಳವಾರಕ್ಕೆ ಇನ್ನೂ ಸಮಯವಿದೆ, ನಾವು ಬರೆದದ್ದಾದರೆ ಎಲ್ಲಿಗೆ ಹೋಯಿತು, ಎಲ್ಲಿಗೆ ಹೋಗಲಿಲ್ಲ ಎಂದು ಗೊತ್ತಿರುತ್ತದೆ ಎಂದೆ. ಅವರು ಒಪ್ಪಿದರು. ತಾರೀಖು ಸೋಸುವ ಭಾಗವನ್ನು ನಾಳೆ ಬಂದು ನೋಡುತ್ತಾರೆ.

ನವೆಂಬರ್ 8, ಶನಿವಾರ

ಬಿಳಿಗೆರೆ ರಸ್ತೆಯ ವಿದ್ಯುತ್ ಕಂಬಗಳು ಬಾಗಿವೆ ಎಂದು ನಾನು ಗುರುವಾರ ಕಳಿಸಿದ್ದ ಕಿರುಸುದ್ದಿ ನಿನ್ನೆ ಪ್ರಕಟವಾಗಿತ್ತು. ಇಂದು ಲೈನ್‌ಮನ್ ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ ಹಿಡಿದುಕೊಂಡರು.

“ಯಾವ ಕಂಬ ಸಾರ್? ಬೆಳಗ್ಗಿಂದ ಆ ರಸ್ತೆನಾಗೆ ಗಾಡಿ ತಳ್ತಾ ಒಂದೊಂದ್ ಕಂಬಾನೂ ನೋಡಿದೀನಿ. ಎಲ್ಲ ನೆಟ್ಟಗವೆ. ತೋರ್ಸಿ ಬನ್ನಿ.”

ಅವರ ಬೈಕಿನಲ್ಲಿ ಹೋದೆ. ಕಂಬಗಳು ನಡುವಿನಲ್ಲಿ ಬಾಗಿದ್ದವು. ಅವುಗಳ ಹಿಂದಿನ ತೆಂಗಿನ ಮರಗಳೂ ಅದೇ ಜಾಗದಲ್ಲಿ ಬಾಗಿದ್ದವು. ಒಂದು ಕಂಬದ ಬಳಿ ಇಳಿದು ಕೈಯಿಟ್ಟು ನೋಡಿದೆ. ನೆಟ್ಟಗಿತ್ತು.

ತಪ್ಪಾಯಿತು ಎಂದೆ. ವಾಪಸು ಬರುವಾಗ ಆತ ಏನೋ ಮಾತಾಡುತ್ತಿದ್ದರು, ಗಾಳಿಗೆ ಕೇಳಿಸಲಿಲ್ಲ.

ತಾರೀಖು ಸೋಸುವುದು ಮುಗಿಯಿತು. ಆಸ್ಫಿಯಾ ಬಂದದ್ದು, ಹೋದದ್ದು ನೆನಪಿಲ್ಲ.

ನವೆಂಬರ್ 9, ಭಾನುವಾರ

ಫೋಟೋ ಸಿಕ್ಕಿದೆ. ಪ್ರೋಗ್ರಾಂ ತಿಳಿಸಿದಂತೆ, 2012ರ ಸಂಕ್ರಾಂತಿಗೂ ಶಿವರಾತ್ರಿಗೂ ನಡುವೆ ತೆಗೆದ ಫೋಟೋಗಳು ಒಂದೇ ಫೋಲ್ಡರಿನಲ್ಲಿವೆ. ಹಳೇದು, ಅದರೊಳಗೆ ಹೊಸದು ಎರಡು, ಅದರೊಳಗೆ ತುರುವೇಕೆರೆ, ಅದರೊಳಗೆ ಇತರೆ. ಹೊನ್ನವಳ್ಳಿಯ ಪಂದ್ಯವನ್ನು ತುರುವೇಕೆರೆಯಲ್ಲಿ ಹಾಕಿದ್ದೇನೆ. ಅಲ್ಲಿಗೆ ನಾನಾಗಿ ಎಂದೂ ಹೋಗುತ್ತಿರಲಿಲ್ಲ.

ಮೂವತ್ತಕ್ಕೂ ಹೆಚ್ಚು ಫೋಟೋಗಳಿವೆ. ಅಂಗಳದಲ್ಲಿ ನೆಟ್ಟ ಕಬ್ಬಿಣದ ಮೊನೆಗಳು, ಮಟ್ಟೆಯ ರಾಶಿ, ಸುತ್ತ ಜನ. ತಲೆಗೆ ಟವೆಲ್ ಸುತ್ತಿದವರು ಹಲವರು. ಕಾಯಿ ಎತ್ತಿ ಹಿಡಿದವರೂ ಹಲವರು. ಪ್ರತಿಯೊಂದನ್ನೂ ಪರದೆ ತುಂಬ ದೊಡ್ಡದು ಮಾಡಿ ನೋಡಿದೆ. ಟವೆಲ್ ಕಾಣುತ್ತದೆ, ಕಿವಿ ಕಾಣುತ್ತದೆ, ಕೈಯಲ್ಲಿನ ಕಾಯಿ ಕಾಣುತ್ತದೆ. ಟವೆಲ್‌ಗೂ ಕೊರಳಿಗೂ ನಡುವೆ ಒರೆಸಿದಂತಿದೆ. ಟ್ಯೂಬ್‌ಲೈಟ್ ಹೊಸದು. ಆಸ್ಫಿಯಾ ತಮ್ಮ ಲ್ಯಾಪ್‌ಟಾಪ್ ಬಿಟ್ಟು ಹೋಗಿದ್ದರು, ಅದರಲ್ಲೂ ಹಾಗೇ.

ಪುಷ್ಪಲತಾ ಅವರಿಗೆ ಎಲ್ಲವನ್ನೂ ಕಳಿಸಿ ಇದರಲ್ಲಿ ನಿಮ್ಮ ತಂದೆ ಯಾರು ಎಂದು ಕೇಳಬಹುದು. ಒಮ್ಮೆ ಬೇರೆಯವರ ಮುಖ ಹಾಕಿದವನು ಹಾಗೆ ಕೇಳುವುದು ಸಾಧ್ಯವಿಲ್ಲ. ಆಸ್ಫಿಯಾ ಮರುಳಸಿದ್ದಯ್ಯನವರನ್ನು ನೋಡಿದವರಲ್ಲ. ನಾನು ನೋಡಿದ್ದೇನೆ. ಆ ದಿನ ಅವರ ಎದುರು ಮಂಡಿಯೂರಿ ಕೂತು ಫೋಟೋ ತೆಗೆದಿದ್ದೇನೆ.

ರಂಗರಾಜು ಫೋನಿನಲ್ಲಿ, “ನಾಳೆ ಸಂಜೆ ಐದರೊಳಗೆ ಬೇಕು. ಜಾಗ ಇಟ್ಟಿದೀನಿ” ಎಂದರು. ಸಿಕ್ಕಿದೆ ಎಂದು ಹೇಳಿದೆ.

ನವೆಂಬರ್ 10, ಸೋಮವಾರ

ಬೆಳಿಗ್ಗೆ ಹೊನ್ನವಳ್ಳಿ ಬಸ್ಸು ಹತ್ತಿದೆ. ಬೋರ್ಡು ಓದದೆ ಕಂಡಕ್ಟರರನ್ನು ಕೇಳಿ ಹತ್ತಿದೆ. ಶಂಭುಲಿಂಗಯ್ಯ ತೋಟದಲ್ಲಿದ್ದರು. ಒಣಗಿದ ಗರಿ ಎಳೆದು ರಾಶಿ ಹಾಕುವ ಸದ್ದು ಹಿಡಿದು ಹೋದೆ.

“ಏನಪ್ಪ, ತಿರ್ಗಾ ಸಾಯ್ಸಾಕೆ ಬಂದ್ಯಾ?” ಎಂದರು.

ಲ್ಯಾಪ್‌ಟಾಪ್ ತೆಗೆದು ಕಲ್ಲಿನ ಮೇಲಿಟ್ಟೆ. ಪಂದ್ಯದ ದಿನದ ಫೋಟೋ ಇವೆ, ಒಮ್ಮೆ ನೋಡಿ ಎಂದೆ. ಖುಷಿಯಿಂದ ಹತ್ತಿರ ಕೂತರು. ಒಂದೊಂದು ಬಂದಂತೆ ಹೇಳುತ್ತಾ ಹೋದರು: ಇವನು ನಮ್ಮೂರ ಗೌಡ್ರ ಮಗ, ಇವನು ತೀರ್ಪುಗಾರ, ಇವನು ಅವತ್ತು ಕೈ ಕುಯ್ಕಂಡ, ಇದು ನಾನು, ಎಂಗಿದ್ದೆ ನೋಡು.

“ಇದ್ಯಾರು ಹೇಳು” ಎಂದು ಒಂದರ ಬಳಿ ನಿಲ್ಲಿಸಿದರು.

ಪರದೆಯ ಹತ್ತಿರ ಬಗ್ಗಿದೆ.

“ಯಾಕ್ಲಾ, ಗೊತ್ತಾಗ್ಲಿಲ್ವಾ?”

ಗೊತ್ತಾಗಲಿಲ್ಲ ಎಂದೆ.

“ಇದೂ ನಾನೇ. ನಿನ್ನ ಪಕ್ದಾಗೇ ಕೂತಿರೋನು.” ಅವರು ಲ್ಯಾಪ್‌ಟಾಪ್ ಮುಚ್ಚಿದರು. ನನ್ನ ಮುಖದ ಹತ್ತಿರ ಬಂದರು. ಹೊಗೆಸೊಪ್ಪಿನ ವಾಸನೆ ಬಂತು. “ನಿಂಗೆ ಮುಖ ಕಾಣಾಕಿಲ್ವಾ?”

ಕಾಣುವುದಿಲ್ಲ ಎಂದೆ.

“ಎಷ್ಟ್ ದಿನ ಆಯ್ತು?”

ಮಳೆಗಾಲದಿಂದ ಎಂದೆ. ಅದನ್ನು ಅಲ್ಲಿಯವರೆಗೆ ನಾನು ಎಲ್ಲಿಯೂ ಹೇಳಿರಲಿಲ್ಲ. ಇಲ್ಲಿಯೂ ಬರೆದಿರಲಿಲ್ಲ.

ತೋಟದಲ್ಲಿ ಯಾರೋ ಪಂಪ್ ಹಾಕಿದರು, ನೀರು ತೊಟ್ಟಿಗೆ ಬೀಳುವ ಸದ್ದು ಬಂತು. ಆಮೇಲೆ ಅವರು ಲ್ಯಾಪ್‌ಟಾಪ್ ತೆರೆದು, “ಬಾ, ಅವ್ನ ಹುಡ್ಕಾನ” ಎಂದರು.

ಕೊನೆಯ ಕಡೆಯಿಂದ ನಾಲ್ಕನೆಯದು. “ಇವ್ನೇ. ಹಲ್ಲು ಕಿರ್ಕಂಡು ಕಾಯಿ ಎತ್ತವ್ನೆ. ಹಿಂದ್ಗಡೆ ನಾನು ಮುಖ ಗಂಟಿಕ್ಕಂಡು ನಿಂತಿದೀನಿ. ನನ್ನ ಕತ್ತರ್ಸಿ ಬುಡು, ಅವ್ನೊಬ್ನೇ ಇರ್ಲಿ.” ಅವರೇ ಬೆರಳಿಟ್ಟು ತೋರಿಸಿದ ಹಾಗೆ ಕತ್ತರಿಸಿದೆ. ಪುಷ್ಪಲತಾ ಅವರಿಗೆ ಆ ಒಂದನ್ನು ಕಳಿಸಿ ಫೋನ್ ಮಾಡಿದೆ. ಅವರು ಹೌದು ಎನ್ನಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಳುತ್ತಿದ್ದರು.

ನಾಲ್ಕೂವರೆಗೆ ತುಮಕೂರಿಗೆ ಕಳಿಸಿದೆ.

ನವೆಂಬರ್ 11, ಮಂಗಳವಾರ

ಸರಿಯಾದ ಫೋಟೋ ಪ್ರಕಟವಾಗಿದೆ. ಓದಿ ಹೇಳಿದವರು ರಹೀಮ್. ಎರಡು ಕಾಲಂ ಅಗಲ, ಕೆಳಗೆ ವಿಷಾದದ ಎರಡು ಸಾಲು.

ಬಿಳಿಗೆರೆಗೆ ಹೋಗಬೇಕಿತ್ತು, ಕರೆದಿದ್ದರು. ಹೋಗಲಿಲ್ಲ. ಶಂಭುಲಿಂಗಯ್ಯ ಹೋಗಿದ್ದರಂತೆ. ಪಂಕ್ತಿಯಲ್ಲಿ ಅವರನ್ನು ಕಂಡ ಮುದುಕಿಯೊಬ್ಬರು ಎದ್ದು ನಿಂತರು ಎಂದು ಫೋನಿನಲ್ಲಿ ನಗುತ್ತಾ ಹೇಳಿದರು.

ನವೆಂಬರ್ 12, ಬುಧವಾರ

ರಂಗರಾಜು ಫೋನ್ ಮಾಡಿದರು. ದನಿಯಲ್ಲಿ ಸಮಾಧಾನವಿತ್ತು.

“ಫೋಟೋ ಚೆನ್ನಾಗಿ ಬಂತು ಕಣ್ರೀ. ಮೇಲಿನೋರೂ ನೋಡಿದ್ರು. ಹಳೇ ವಿಷಯ ಮುಗೀತು. ತುರುವೇಕೆರೆ ವರದಿಗಾರ ಕೆಲಸ ಬಿಟ್ಟಿದ್ದಾನೆ. ಒಂದನೇ ತಾರೀಖಿಂದ ಆ ತಾಲ್ಲೂಕೂ ನೀವೇ ನೋಡ್ಕೊಳ್ಳಿ. ಸುದ್ದಿ, ಫೋಟೋ ಎರಡೂ.”

ಹೂಂ ಎನ್ನಬಹುದಿತ್ತು. ಎರಡು ತಾಲ್ಲೂಕಿನ ಕೆಲಸ. ದಿನವಿಡೀ ಜನರ ನಡುವೆ ಇರಬಹುದಿತ್ತು.

“ನನಗೆ ಮುಖ ಕಾಣುವುದಿಲ್ಲ” ಎಂದೆ.

“ಯಾರ ಮುಖ?”

“ಯಾರದೂ.”

ಅವರ ಕಡೆ ಟೈಪಿಂಗ್ ಸದ್ದು ನಿಂತಿತು. “ಕನ್ನಡಕ ಬದಲಾಯಿಸಿ” ಎಂದರು. ಬದಲಾಯಿಸಿದ್ದೇನೆ ಎಂದೆ. ಕಂಬಗಳ ಸುದ್ದಿಯೂ ತಪ್ಪು ಎಂದು ಹೇಳಿದೆ. ಅವರು ಕೇಳಿದರು, “ಯಾಕೆ ಹೇಳಿದ್ರಿ ದಯಾನಂದ್? ಹೇಳ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ.”

“ಇನ್ನೊಬ್ಬರ ಮನೆಗೆ ಹಾರ ಹೋಗುತ್ತಿತ್ತು” ಎಂದೆ.

ಮೇಲಿನವರನ್ನು ಕೇಳಿ ತಿಳಿಸುವುದಾಗಿ ಹೇಳಿದರು.

ಆಮೇಲೆ ಕೆಳಗಿಳಿದು ಅಂಗಡಿಯ ಬೆಂಚಿನ ಮೇಲೆ ಕೂತೆ. ರಹೀಮ್ ಯಂತ್ರ ತುಳಿಯುತ್ತಲೇ, “ಶುಕ್ರವಾರ ನಮಾಜ್ ಮುಗಿಸಿ ಕಣ್ಣಿನ ಡಾಕ್ಟರ್ ಹತ್ರ ಹೋಗೋಣ. ಗುಂಡಿ ತಪ್ಪಿದ ದಿನವೇ ಹೇಳಬೇಕಿತ್ತು ನಾನು” ಎಂದರು.

ನವೆಂಬರ್ 14, ಶುಕ್ರವಾರ

ಎರಡೂ ಕಣ್ಣಿನ ರೆಟಿನಾದ, ಅಂದರೆ ಹಿಂಪರದೆಯ, ನಡುಭಾಗ ಹಾಳಾಗಿದೆ, ಬಲಗಣ್ಣಿನಲ್ಲಿ ಹೆಚ್ಚು. ವೈದ್ಯರು ತಿಳಿಸಿದ್ದು. ಚೌಕಚೌಕ ಗೆರೆಗಳ ಹಾಳೆಯೊಂದನ್ನು ಕೊಟ್ಟು ನೋಡಲು ಹೇಳಿದರು. ಗೆರೆಗಳು ನಡುವೆ ಬಾಗಿವೆ, ಒಂದು ಕಡೆ ಇಲ್ಲವೇ ಇಲ್ಲ ಎಂದೆ. ಹಾಳೆಯಲ್ಲಿ ಎಲ್ಲ ಗೆರೆಗಳೂ ನೇರವಾಗಿವೆ ಎಂದರು.

ಕಣ್ಣಿಗೆ ಚುಚ್ಚುಮದ್ದು ಕೊಡಿಸಿದರೆ ಇನ್ನಷ್ಟು ಹಾಳಾಗುವುದು ತಡೆಯಬಹುದು. ಹೋದದ್ದು ವಾಪಸು ಬರುತ್ತದೆಂದು ಹೇಳಲಾಗದು. ಪಕ್ಕದ ನೋಟ ಉಳಿಯುತ್ತದೆ, ಓಡಾಡಬಹುದು. ಚುಚ್ಚುಮದ್ದು ತುಮಕೂರಿನಲ್ಲಿ.

ರಹೀಮ್ ಎಲ್ಲವನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡರು. ನಾನು ಒಂದೇ ಪ್ರಶ್ನೆ ಕೇಳಿದೆ. ಮುಂಗಾರಿನಲ್ಲೇ ಬಂದಿದ್ದರೆ? ಎಂದೆ. ವೈದ್ಯರು ಚೀಟಿ ಬರೆಯುತ್ತಿದ್ದರು. ಪೆನ್ನು ನಿಂತಿತು, ಮತ್ತೆ ಓಡಿತು.

ನವೆಂಬರ್ 16, ಭಾನುವಾರ

ಶಂಭುಲಿಂಗಯ್ಯ ಬೆಳಿಗ್ಗೆಯೇ ಬಂದು ಸಂಜೆಯವರೆಗೆ ಇದ್ದರು. ಪ್ರೋಗ್ರಾಂ ಸ್ವಲ್ಪ ಬದಲಾಗಿದೆ. ಈಗ ಅದು ಫೋಲ್ಡರುಗಳಲ್ಲಿ ಇಳಿಯುತ್ತಾ ಪ್ರತಿ ಫೋಟೋದ ಬಳಿ ನಿಂತು, ಅದನ್ನು ತೋರಿಸಿ, ಹೆಸರು ಕೇಳುತ್ತದೆ. ಅವರು ನೋಡಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಹಾಕುತ್ತೇವೆ. ಹೊನ್ನವಳ್ಳಿ ಮುಗಿದು ಬಿಳಿಗೆರೆಯ ಅರ್ಧಕ್ಕೆ ಬಂದಿದೆ.

“ಇವ್ಳು ಭೈರಮ್ಮ. ಪಂಚಾಯ್ತಿ ಮೆಂಬರ್ ಆಗಿದ್ಲು. ನನ್ ಸಾವಿಗೆ ಬರ್ಲಿಲ್ಲ” ಎಂದರು ಒಂದು ಕಡೆ. ಹೆಸರನ್ನಷ್ಟೇ ಟೈಪ್ ಮಾಡಿದೆ.

ಆಸ್ಫಿಯಾ ಟೀ ತಂದರು. ಇವರಿಬ್ಬರ ಮಾತು ಬೆಳೆಯಿತು. ಕೆಲಸ ನಿಧಾನವಾಯಿತು.

ನವೆಂಬರ್ 18, ಮಂಗಳವಾರ

ತಿಪಟೂರು ತಾಲ್ಲೂಕು ವರದಿಗಾರರಾಗಿ ಉಜ್ವಲ್ ನೇಮಕಗೊಂಡಿದ್ದಾರೆ. ಈ ವಿಷಯವನ್ನು ರಂಗರಾಜು ದೂರವಾಣಿಯಲ್ಲಿ ತಿಳಿಸಿದರು. ಎರಡು ಸಲ ಕ್ಷಮಿಸಿ ಎಂದರು. ಬೇಕಿರಲಿಲ್ಲ.

ಮಧ್ಯಾಹ್ನ ಉಜ್ವಲ್ ಬಂದರು. ಇಪ್ಪತ್ತೈದರ ಒಳಗಿನ ದನಿ, ಹೊಸ ಶೂಗಳ ಸದ್ದು. ಯಾರನ್ನು ಯಾವ ಹೊತ್ತಿನಲ್ಲಿ ಭೇಟಿ ಮಾಡಬೇಕು, ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ ಯಾರ ಮಾತು ನಂಬಬೇಕು ಎಂದು ಹೇಳಿದೆ. ಅವರು ಬರೆದುಕೊಂಡರು. ಡಿಸ್ಕಿನ ಒಂದು ಪ್ರತಿ ಕೊಟ್ಟೆ. ಹೆಸರು ಹಾಕಿದ ಫೋಲ್ಡರುಗಳು ಯಾವುವು, ಹಾಕದವು ಯಾವುವು ಎಂದು ಬಾಯಲ್ಲೇ ಹೇಳಿದೆ. ಹಳೇದು ಎಂಬುದರಲ್ಲಿರುವ ಕೊಂಡಿಯ ಬಗ್ಗೆ ಎಚ್ಚರಿಸಿದೆ.

ಕ್ಯಾಮೆರಾ ಪತ್ರಿಕೆಯದು. ಲೆನ್ಸ್ ಒರೆಸಿ ಕೊಟ್ಟೆ. ಸರಿಯಿದೆಯೇ ನೋಡುತ್ತೇನೆ ಎಂದು ಅವರು ಕಿಟಕಿಯ ಕಡೆ ನನ್ನನ್ನು ಕೂರಿಸಿ ಒಂದು ಫೋಟೋ ತೆಗೆದರು. ಹದಿನೆಂಟು ವರ್ಷದಲ್ಲಿ ಆ ಕ್ಯಾಮೆರಾ ನನ್ನ ಕಡೆ ತಿರುಗಿರಲಿಲ್ಲ.

“ಹೇಗೆ ಬಂದಿದೆ?” ಎಂದೆ.

“ಚೆನ್ನಾಗಿ ಬಂದಿದೆ ಸರ್. ಯಾವ ಫೋಲ್ಡರಿಗೆ ಹಾಕ್ಲಿ?”

ಯಾವುದಕ್ಕಾದರೂ ಹಾಕಿ, ಹೆಸರು ಮಾತ್ರ ಬರೆಯಿರಿ ಎಂದೆ.

ಅವರು ಹೋದ ಮೇಲೆ ಮೇಜು ಖಾಲಿಯಾಗಿದೆ. ರಹೀಮ್ ಇನ್ನೂ ಹೊಲಿಯುತ್ತಿದ್ದಾರೆ.

ಗುರುವಾರ ಬೆಳಿಗ್ಗೆ ಏಳರ ಬಸ್ಸಿಗೆ ತುಮಕೂರಿಗೆ ಹೋಗುವುದು. ಹತ್ತು ಗಂಟೆಗೆ ಬಲಗಣ್ಣಿಗೆ ಮೊದಲ ಚುಚ್ಚುಮದ್ದು.